ತೋಳು ನೋಡಿದ ಮಳೆಗಾಲ

ಗೂಡಲೂರಿನಿಂದ ಊಟಿಗೆ ಘಾಟಿ ಹತ್ತುವ ಬಸ್ಸು ನಡುವಟ್ಟಂ ಮುಟ್ಟುವ ಹೊತ್ತಿಗೆ ಏದುಸಿರು ಬಿಡುತ್ತಿರುತ್ತದೆ. ಡ್ರೈವರು ಇಳಿದು ಇಂಜಿನ್ನಿಗೆ ನೀರು ಹೊಯ್ದು ಬೀಡಿ ಮುಗಿಸುವವರೆಗೆ ಪ್ರಯಾಣಿಕರೂ ಇಳಿದು ಕಾಲು ಸಡಿಲಿಸಬೇಕು. ಮೊನ್ನೆ ಹಾಗೆ ಇಳಿದು ಶಾಲು ಹೊದ್ದು ನಿಂತಿದ್ದೆ. ರಸ್ತೆಬದಿಯ ಚಹಾದಂಗಡಿಯಿಂದ ಎಮ್ಮೆ ಹಾಲು ಸೀದ ವಾಸನೆ ಬಂತು. ಅದರ ಜೊತೆಗೆ ಹಸಿ ನೀಲಗಿರಿ ಸೌದೆಯ ಹೊಗೆ, ಒದ್ದೆ ಕಂಬಳಿ. ಈ ಮೂರೂ ಕೂಡಿದ ವಾಸನೆ ನನ್ನ ಮೂಗಿಗೆ ಬಿದ್ದು ಎಷ್ಟೋ ವರ್ಷಗಳಾಗಿದ್ದವು. ಊಟಿಯ ಒಂದು ಹಳೆಯ ಕುದುರೆ ಲಾಯ, ಸಾಲಾಗಿ ನಿಂತ ಬರಿಮೈ ಗಂಡಸರು, ಗೇಟಿನ ಹೊರಗೆ ಬಿಳಿ ಬಟ್ಟೆ ಸುತ್ತಿಕೊಂಡು ನಿಂತ ಒಬ್ಬ ಹೆಂಗಸು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು.

ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಮನುಷ್ಯ. ಅಂಗಡಿಯವನು ನಗುನಗುತ್ತಾ ಮಾತಾಡಿದರೆ ತಕ್ಕಡಿ ನೋಡುತ್ತೇನೆ. ಮನೆಯವಳು ಇವತ್ತು ಸಾರು ಚೆನ್ನಾಗಿದೆ ಎಂದರೆ ಉಪ್ಪು ಜಾಸ್ತಿಯಾಗಿದೆ ಎಂದುಕೊಳ್ಳುತ್ತೇನೆ. ಅದಕ್ಕೆ ಅವಳು ನನಗಿಟ್ಟ ಹೆಸರುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಆಯುಷ್ಯವೆಲ್ಲ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿ ಸವೆಸಿದವನು ಮತ್ತೇನಾಗಬೇಕು? ನೀರು ಬೆರೆಸದ ಔಷಧಿಯನ್ನೂ ಸುಳ್ಳು ಬೆರೆಸದ ರೋಗಿಯನ್ನೂ ನಾನು ಕಂಡದ್ದು ಕಡಿಮೆ. ಆ ಅನುಮಾನ ನನ್ನಲ್ಲಿ ಹುಟ್ಟಿನಿಂದಲೇ ಇತ್ತೋ ಏನೋ, ಬಲಿತದ್ದು ಮಾತ್ರ ಆ ಮಳೆಗಾಲದಲ್ಲಿ.

ಜರ್ಮನಿಯವರ ಮೇಲಿನ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಗುಂಡ್ಲುಪೇಟೆ ಕಡೆಯಿಂದ ಘಾಟಿ ಹತ್ತಿ ಬಂದು ಊಟಿಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ನನಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಪಟಾಲಮ್ಮಿಗೆ ಆಳು ಸೇರಿಸಿಕೊಳ್ಳಲು ಮಾರುಕಟ್ಟೆಯ ಆಚೆಗಿದ್ದ ಪಾಳು ಲಾಯವೊಂದನ್ನು ಗುಡಿಸಿ, ಸುಣ್ಣ ಬಳಿದು, ಮೇಜು ಹಾಕಿದರು. ದೇಹಪರೀಕ್ಷೆ ಮಾಡುವ ಡಾಕ್ಟರು ಬಿಳಿಯ ದೊರೆ. ಅವರ ಕೈಕೆಳಗೆ ನನ್ನನ್ನು ಕಳಿಸಿದರು. ಈ ಗುಡ್ಡಗಳ ಬಡಗರ ಮಾತು ಕನ್ನಡಕ್ಕೆ ಹತ್ತಿರ, ಇವನಿಗೆ ತಿಳಿಯುತ್ತದೆ ಎಂದು ಯಾರೋ ಚಾಡಿ ಹೇಳಿದ್ದರು. ನಿಜ ಹೇಳಬೇಕೆಂದರೆ ಮೊದಮೊದಲು ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ನಮ್ಮಜ್ಜಿಯ ಹಳೆಯ ಮಾತಿನ ನೆನಪಿನಿಂದ ತುಂಬಿಕೊಳ್ಳುತ್ತಿದ್ದೆ.

ಆಳು ಆರಿಸುವ ಯಜಮಾನಿಕೆ ಹವಾಲ್ದಾರ್ ಮುನಿಸ್ವಾಮಿಯವರದು. ವೇಲೂರಿನ ಕಡೆಯವರು, ಮೀಸೆಗೆ ದಿನಾ ಎಣ್ಣೆ ತಿಕ್ಕುವವರು. ಅನುಮಾನದಲ್ಲಿ ಅವರ ಮುಂದೆ ನಾನು ಹಾಲುಗಲ್ಲದ ಮಗು. ಎತ್ತರ, ಎದೆಯ ಸುತ್ತಳತೆ, ಹಲ್ಲು, ಅಂಗಾಲು, ಇವೆಲ್ಲ ಡಾಕ್ಟರಿಗೆ ಬಿಟ್ಟದ್ದು. ಚರ್ಮ ಮಾತ್ರ ಹವಾಲ್ದಾರರ ಪಾಲು. ಬಂದವನನ್ನು ಬರಿಮೈಯಲ್ಲಿ ನಿಲ್ಲಿಸಿ, ಸಂತೆಯಲ್ಲಿ ಎತ್ತು ಕೊಳ್ಳುವವರ ಹಾಗೆ ಸುತ್ತ ಒಂದು ಬಳಸು ಬರುತ್ತಿದ್ದರು. ಹಚ್ಚೆ ಕಂಡರೆ ಕಿವಿ ನಿಮಿರುತ್ತಿತ್ತು. ಅದಕ್ಕೆ ಕಾರಣವಿತ್ತು. ಒಂದು ಊರಿನಲ್ಲಿ ಹೆಸರು ಕೊಟ್ಟು, ಬಟ್ಟೆ ಕಂಬಳಿ ಇಸಿದುಕೊಂಡು, ರಾತ್ರೋರಾತ್ರಿ ಕಂಬಿ ಕಿತ್ತು, ಬೇರೆ ಊರಿನಲ್ಲಿ ಬೇರೆ ಹೆಸರು ಹೇಳಿ ಮತ್ತೆ ಸೇರುವವರು ಆಗ ಬಹಳ. ಹೆಸರು ಬದಲಾಯಿಸಬಹುದು, ಹಚ್ಚೆ ಬದಲಾಯಿಸಲಾಗದು. ಹಾಗಾಗಿ ಯಾರ ಮೈಮೇಲೆ ಯಾವ ಹಚ್ಚೆ ಎಲ್ಲಿದೆ ಎಂದು ಬರೆದಿಟ್ಟುಕೊಳ್ಳುತ್ತಿದ್ದರು. ಆಮೇಲೆ ಓಡಿಹೋದವರೂ ಚುರುಕಾದರು. ಹಚ್ಚೆಯನ್ನೇ ಕೆಂಡದಿಂದ ಸುಟ್ಟುಕೊಳ್ಳತೊಡಗಿದರು. ಅಲ್ಲಿಂದ ಮುಂದೆ ಹಚ್ಚೆಗಿಂತಲೂ ಸುಟ್ಟ ಕಲೆಯೇ ದೊಡ್ಡ ಅಪರಾಧವಾಯಿತು. ಮುಂಗೈ ಮೇಲೆ ಸುಟ್ಟ ಕಲೆ ಇದ್ದವನನ್ನು ಸೇರಿಸಿಕೊಳ್ಳಬಾರದು, ಬಿಡಲೂಬಾರದು, ವಿಚಾರಿಸಬೇಕು ಎಂದು ಮೇಲಿನಿಂದ ಅಪ್ಪಣೆ ಬಂದಿತ್ತು.

ಹವಾಲ್ದಾರರು ವಿಚಾರಿಸುವ ಚೆಂದವನ್ನು ನೋಡಬೇಕಿತ್ತು. ಗೂಡಲೂರು ಕಡೆಯ ಒಬ್ಬ ಕೂಲಿಯವನ ಭುಜದ ಮೇಲೆ ಚೇಳಿನ ಹಚ್ಚೆ. "ಇದು ಯಾವ ಪಟಾಲಮ್ಮಿನ ಚೇಳು?" ಎಂದು ಕೇಳಿದರು. ಅವನು "ಕೊರವಂಜಿ ಚುಚ್ಚಿದ ಚೇಳು ಸಾಮಿ" ಎಂದ. "ಅವಳ ಗಂಡ ಯಾವ ಪಟಾಲಮ್ಮಿನಲ್ಲಿದ್ದ?" ಎಂದು ಇವರು. ಇನ್ನೊಬ್ಬನ ಕೈಮೇಲೆ ಹೆಂಡತಿಯ ಹೆಸರಿತ್ತು. ಅವಳನ್ನು ಕರೆತಂದು ತೋರಿಸು ಎಂದರು. ಪಾಪ, ಅವಳು ಅವನನ್ನು ಬಿಟ್ಟು ಹೋಗಿ ಬಹಳ ಕಾಲವಾಗಿತ್ತಂತೆ, ಆ ದುಃಖಕ್ಕೇ ಅವನು ಸೈನ್ಯ ಸೇರಲು ಬಂದಿದ್ದ. ಇಬ್ಬರನ್ನೂ ಹಿಂದಕ್ಕೆ ಕಳಿಸಿದರು. ನನಗೆ ನಗು ಬಂದರೂ ತುಟಿ ಕಚ್ಚಿಕೊಂಡು ನಿಂತಿರುತ್ತಿದ್ದೆ.

ಮಳೆ ಹಿಡಿದ ಮೇಲೆ ಒಂದು ತಂತಿ ಬಂತು. ನೀಲಗಿರಿಯ ಕಡೆಯ ಒಬ್ಬ ಆಳು ಸುಳ್ಳು ಹೆಸರಿನಲ್ಲಿ ಸೇರಿ, ಹಡಗು ಹತ್ತುವ ಮೊದಲು ತಪ್ಪಿಸಿಕೊಂಡಿದ್ದಾನೆ. ಎತ್ತರದವನು, ತೆಳ್ಳಗಿನವನು. ಜೊತೆಯವರ ಕೈಯಲ್ಲಿ ಮುಂಗೈ ಮೇಲೆ ಮುರುಗನ ವೇಲಿನ, ಎಂದರೆ ಚೂಪು ಈಟಿಯ, ಹಚ್ಚೆ ಹಾಕಿಸಿಕೊಂಡಿದ್ದ. ಸಿಕ್ಕರೆ ಹಿಡಿದಿಡಿ, ಕರೆದೊಯ್ಯಲು ಪಹರೆ ಕಳಿಸುತ್ತೇವೆ ಎಂದಿತ್ತು. ಯಾವ ಮುಂಗೈ, ಎಡವೋ ಬಲವೋ, ಅದು ಇರಲಿಲ್ಲ. ಹವಾಲ್ದಾರರು ಆ ತಂತಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಅವತ್ತಿನಿಂದ ಮಾರುಕಟ್ಟೆಯಲ್ಲಿ ಆಲೂಗಡ್ಡೆ ತೂಗುವವರ ಕೈಗಳನ್ನೂ ಬಗ್ಗಿ ಬಗ್ಗಿ ನೋಡುತ್ತಿದ್ದರು.

ಅಂಥ ಹೊತ್ತಿನಲ್ಲಿ ಆ ಮೂವರು ಬಂದರು. ಒಂದೇ ಹಟ್ಟಿಯ ಬಡಗ ಹುಡುಗರು. ತಲೆಗೆ ಬಿಳಿ ರುಮಾಲು, ಮೈಮೇಲೆ ದಪ್ಪ ಬಿಳಿ ಹೊದಿಕೆ, ಮಳೆಯಲ್ಲಿ ನೆನೆದು ಹಾಲಿನ ವಾಸನೆ ಹೊಡೆಯುತ್ತಿದ್ದರು. ಹೊದಿಕೆ ತೆಗೆದು ನಿಲ್ಲಿಸಿದಾಗ ಹವಾಲ್ದಾರರ ಕಣ್ಣು ಅರಳಿತು. ಮೂವರ ಬಲ ಭುಜದ ಮೇಲೆ, ಮೊಳಕೈ ಹತ್ತಿರ, ಮುಂಗೈ ಮೇಲೆ ಉರುಟು ಉರುಟಾದ ಸುಟ್ಟ ಕಲೆಗಳು. ಗಂಟುಗಟ್ಟಿ ಉಬ್ಬಿ, ಗುಂಡಿ ಹೊಲಿದ ಹಾಗೆ ಕಾಣುತ್ತಿದ್ದವು.

"ಇದು ಹೇಗಾಯಿತು?" ಎಂದು ನಾನು ಮೊದಲನೆಯವನನ್ನು ಕೇಳಿದೆ.

"ಒಲೆಗ ಬುದ್ದೆ" ಎಂದ. ಒಲೆಗೆ ಬಿದ್ದೆ ಎಂದರ್ಥ.

ಎರಡನೆಯವನನ್ನು ಕೇಳಿದೆ. ಅವನೂ ಒಲೆಗ ಬುದ್ದೆ. ಮೂರನೆಯವನೂ ಅದೇ. ಡಾಕ್ಟರು ಕೂಡ ತಲೆಯೆತ್ತಿ ನೋಡಿದರು. "ಎಂಥ ಒಲೆಯಯ್ಯ ಅದು, ಎಲ್ಲರನ್ನೂ ಅಳತೆ ಇಟ್ಟು ಸುಡುತ್ತದಲ್ಲ" ಎಂದರು ಹವಾಲ್ದಾರರು. ಹುಡುಗರು ನೆಲ ನೋಡುತ್ತ ನಿಂತರು. ಅವರು ಸುಳ್ಳು ಹೇಳುತ್ತಿದ್ದಾರೆ ಎನ್ನುವುದಕ್ಕೆ ಅನುಮಾನದ ಮನುಷ್ಯನೇ ಬೇಕಾಗಿರಲಿಲ್ಲ. ಮೂವರಲ್ಲಿ ಒಬ್ಬ ಕುಳ್ಳ, ಇನ್ನೊಬ್ಬನಿಗೆ ಮೆಳ್ಳೆಗಣ್ಣು. ತಂತಿಯಲ್ಲಿದ್ದ ಎತ್ತರ ಮೂರನೆಯವನಿಗೆ ಹೊಂದಿತು. ಅವನ ಹೆಸರು ಬೆಳ್ಳ. ಅವನನ್ನು ಪೊಲೀಸ್ ಠಾಣೆಯ ಕೋಣೆಗೆ ಹಾಕಿ, ಉಳಿದಿಬ್ಬರನ್ನು ಬೈದು ಓಡಿಸಿದರು.

ಠಾಣೆಯಲ್ಲಿ ಮಾತು ತಿಳಿಸಿಕೊಡಲು ನನ್ನನ್ನೇ ಕಳಿಸಿದರು. ಬೆಳ್ಳ ಗೋಡೆಗೆ ಒರಗಿ ಕೂತಿದ್ದ. ಸೈನ್ಯ ಸೇರಲು ಯಾಕೆ ಬಂದೆ ಎಂದರೆ, "ಎನ್ನ ಅಣ್ಣ ನಂಜ ಮೇಟುಪಾಳ್ಯಕ್ಕೆ ಗಾಡಿ ಹೊಡ್ಕೊಂಡು ಹೋದವ ತಿರುಗಿ ಬರಲಿಲ್ಲೆ. ಪಟಾಲಮ್ಮು ಸೇರಿದ ಅಂತ ಗಾಡಿಯವರು ಹೇಳಿದರು. ನಾನೂ ಸೇರಿದರೆ ಎಲ್ಲೋ ಸಿಕ್ಕಾನು" ಎಂದ. ಮುಂಗೈ ಕಲೆಯ ಮಾತೆತ್ತಿದರೆ ಮತ್ತೆ ಒಲೆ. ಅಣ್ಣನ ಕಥೆ ನನಗೆ ನಂಬಿಕೆಯಾಗಲಿಲ್ಲ. ಓಡಿಬಂದವನೇ ಇವನು, ತನ್ನ ಕಥೆಯನ್ನೇ ಅಣ್ಣನ ತಲೆಗೆ ಕಟ್ಟುತ್ತಿದ್ದಾನೆ ಎಂದುಕೊಂಡೆ. ಹೊರಗೆ ಬಂದಾಗ ಹವಾಲ್ದಾರರು ಇನ್ನೊಂದು ಮಾತು ಹೇಳಿದರು. ಓಡಿಹೋದವನ ತುಕಡಿ ಆಗಲೇ ಹಡಗು ಹತ್ತಿ ಹೋಗಿದೆಯಂತೆ. ಮುಖ ನೋಡಿ ಗುರುತಿಸುವವರು ಕೆಳಗೆ ಯಾರೂ ಉಳಿದಿಲ್ಲ. ಪಹರೆಯವರು ಬಂದು ಕರೆದುಕೊಂಡು ಹೋದರೆ ಅಲ್ಲಿ ಕೈ ನೋಡಿಯೇ ತೀರ್ಮಾನ. ಯುದ್ಧದ ಹೊತ್ತಿನಲ್ಲಿ ಓಡಿಹೋದವನಿಗೆ ಜೈಲು ಖಂಡಿತ, ಅದಕ್ಕೂ ಮೇಲಿನದು ಆದರೂ ಆದೀತು ಎಂದು ಅವರು ಮೀಸೆ ತೀಡಿಕೊಂಡರು.

ಮಾರನೆಯ ದಿನ ಲಾಯದ ಗೇಟಿನ ಹೊರಗೆ ಬೆಳ್ಳನ ತಾಯಿ ಬಂದು ನಿಂತಳು. ಹೆಸರು ಮಾದಿ. ಬಡಗ ಹೆಂಗಸರ ರೀತಿಯಲ್ಲಿ ಬಿಳಿ ಬಟ್ಟೆಯನ್ನು ಕಂಕುಳ ಕೆಳಗೆ ಸುತ್ತಿ, ತಲೆಗೊಂದು ಬಿಳಿ ವಸ್ತ್ರ ಕಟ್ಟಿದ್ದಳು. ಹಣೆಯ ಮೇಲೆ ಹಸಿರು ಹಚ್ಚೆಯ ಚುಕ್ಕಿಗಳು. ಹವಾಲ್ದಾರರು ಆ ಚುಕ್ಕಿಗಳನ್ನೂ ಒಂದು ಗಳಿಗೆ ದಿಟ್ಟಿಸಿ ನೋಡಿದ್ದು ನನಗೆ ನೆನಪಿದೆ. ಅವಳು ಅಳುತ್ತಿದ್ದಳು, ಸದ್ದಿಲ್ಲದೆ. ಮಂಜು ಬಂದು ಅವಳನ್ನು ಮುಚ್ಚುತ್ತಿತ್ತು, ಸರಿದಾಗ ಅಲ್ಲೇ ಇರುತ್ತಿದ್ದಳು. ಸಂಜೆ ಹಟ್ಟಿಗೆ ನಡೆದು ಹೋಗಿ ಬೆಳಿಗ್ಗೆ ಮತ್ತೆ ಬರುತ್ತಿದ್ದಳು. ಡಾಕ್ಟರಿಗೆಂದು ಎಲೆಯಲ್ಲಿ ಬೆಣ್ಣೆ ತಂದಳು. ಡಾಕ್ಟರು ಬೇಡ ಎಂದರು. ಅದು ನನ್ನ ಪಾಲಿಗೆ ಬಂತು. ಲಂಚವೋ ಪ್ರೀತಿಯೋ ಎಂದು ನಾನು ಎರಡು ದಿನ ಅದನ್ನು ಮುಟ್ಟದೆ ಇಟ್ಟಿದ್ದೆ.

ಅವಳು ಅಲ್ಲಿ ನಿಂತು ಮಾಡುತ್ತಿದ್ದ ಕೆಲಸವೆಂದರೆ ನಮ್ಮನ್ನು ನೋಡುವುದು. ಕಿಟಕಿಗೆ ಬಾಗಿಲಿರಲಿಲ್ಲ, ಒಳಗಿನದೆಲ್ಲ ಕಾಣುತ್ತಿತ್ತು. ಒಂದು ದಿನ ನಾನು ಬಾಗಿಲ ಬಳಿ ಯಾರದೋ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಾಗ ಹತ್ತಿರ ಬಂದು, "ಅಯ್ಯಾ, ನಿನಗೆ ಎಡಗೈಯಾ?" ಎಂದು ಕೇಳಿದಳು.

ನನಗೆ ಮುಜುಗರವಾಯಿತು. ನಾನು ಹುಟ್ಟಾ ಎಡಚ. ಮಠದ ಮೇಷ್ಟ್ರು ಎಡಗೈ ಬೆರಳ ಗಂಟಿಗೆ ಬೆತ್ತದಿಂದ ಹೊಡೆದು ಹೊಡೆದು ಬರೆಯುವುದನ್ನು ಬಲಗೈಗೆ ಬದಲಾಯಿಸಿದ್ದರು. ಮನೆಯಲ್ಲಿ ಅಪ್ಪ ಉಣ್ಣುವುದನ್ನು, ಕೊಟ್ಟು ತೆಗೆದುಕೊಳ್ಳುವುದನ್ನು ಬಲಗೈಗೆ ಬದಲಾಯಿಸಿದ್ದರು. ಕತ್ತರಿ, ಪಟ್ಟಿ, ಚಾಕು ಮಾತ್ರ ಯಾರಿಗೂ ಕಾಣದ ಹಾಗೆ ಎಡಗೈಯಲ್ಲೇ ಉಳಿದುಕೊಂಡಿದ್ದವು. ಹೌದು ಎಂದು ಗೊಣಗಿದೆ.

"ಹೊಡೆದರಾ?"

"ಹೊಡೆದರು."

"ಕೈಯ ತಪ್ಪೇನು ಅದರಲ್ಲಿ" ಎಂದು ಅವತ್ತು ಎಲೆಯಲ್ಲಿ ತಂದಿದ್ದ ಬೆಣ್ಣೆಯನ್ನು ನನ್ನ ಎಡಗೈಗೇ ಇಟ್ಟಳು. ಎಡಗೈಯಲ್ಲಿ ತೆಗೆದುಕೊಂಡದ್ದಕ್ಕೆ ಬೈಯದ ಮೊದಲ ಹೆಂಗಸು ಅವಳು. ಆ ಬೆಣ್ಣೆಯನ್ನು ನಾನು ಅವತ್ತೇ ತಿಂದೆ.

ಹಾಗೆಂದು ಅನುಮಾನ ಹೋಗಲಿಲ್ಲ. ಒಂದು ಸಂತೆಯ ಮಾರನೆಯ ದಿನ ಬಂದವಳ ಕಣ್ಣಿನಲ್ಲಿ ನೀರಿರಲಿಲ್ಲ. ಮಗ ಇನ್ನೂ ಕೋಣೆಯಲ್ಲಿದ್ದಾನೆ, ಪಹರೆಯವರು ಕೂನೂರು ದಾಟಿ ಇವತ್ತೋ ನಾಳೆಯೋ ಬರುತ್ತಾರೆಂಬ ಸುದ್ದಿ ಊರೆಲ್ಲ ಹಬ್ಬಿದೆ, ಇವಳ ಅಳು ನಿಂತಿದೆ. ಮುಖ ಗಟ್ಟಿಯಾಗಿತ್ತು. ಏನೋ ಲೆಕ್ಕಾಚಾರ ನಡೆಸಿದವಳ ಹಾಗೆ ತುಟಿ ಬಿಗಿದಿದ್ದಳು. ಕೋಣೆಯ ಕಿಟಕಿ ಮುರಿದು ಮಗನನ್ನು ಕದ್ದೊಯ್ಯುವ ಹಂಚಿಕೆ ಇರಬೇಕು ಎಂದು ನಾನು ಠಾಣೆಯ ಪೇದೆಗೆ ಎಚ್ಚರಿಕೆಯನ್ನೂ ಹೇಳಿಬಂದೆ.

ಆ ಮಧ್ಯಾಹ್ನ ಅವಳು ನನ್ನನ್ನು ಗೇಟಿನ ಹೊರಗೆ ಕರೆದಳು. "ಅಯ್ಯಾ, ಅಮ, ಎನ್ನ ಮಗ, ಒಲೆಗ ಬೀಳಲಿಲ್ಲೆ. ನಾ ಹೇಳಬಾರದು. ಹೆಣ್ಣು ಹೇಳೋ ಮಾತಲ್ಲ ಇದು" ಎಂದು ಶುರು ಮಾಡಿದಳು. ಅವರ ಮನೆಗಳಲ್ಲಿ ಹಾಲು ಮಜ್ಜಿಗೆ ಇಡಲು ಒಳಗೊಂದು ಕೋಣೆ ಇರುತ್ತದೆ, ಹಾಗೋಟು ಎನ್ನುತ್ತಾರೆ. ಹೆಂಗಸರು ಅದರ ಹೊಸ್ತಿಲು ತುಳಿಯುವಂತಿಲ್ಲ. ಕರೆಯುವುದು, ಕಡೆಯುವುದು ಎಲ್ಲ ಗಂಡಸರದೇ. ಹುಡುಗ ಎಮ್ಮೆ ಕರೆಯಲು ಶುರು ಮಾಡುವಾಗ ಹಿರಿಯರು ಕಡ್ಡಿಗೆ ಕಡ್ಡಿ ಉಜ್ಜಿ ಬೆಂಕಿ ಹುಟ್ಟಿಸಿ, ಆ ಉರಿಯುವ ಕಡ್ಡಿಯನ್ನು ಕರೆಯುವ ಕೈಗೆ ಮುಟ್ಟಿಸುತ್ತಾರೆ. ಭುಜಕ್ಕೆ, ಮೊಳಕೈಗೆ, ಮುಂಗೈಗೆ. ಆಮೇಲೆ ಎಷ್ಟು ಕರೆದರೂ ಆ ಕೈ ನೋಯುವುದಿಲ್ಲವಂತೆ. "ಎಂಗ ಹಟ್ಟಿಯ ಗಂಡಸರೆಲ್ಲರ ಕೈಯಲ್ಲೂ ಅದೇ ಗುರುತು. ಬಂದು ನೋಡು" ಎಂದಳು.

"ಮತ್ತೆ ಹುಡುಗರು ಒಲೆ ಒಲೆ ಎಂದದ್ದೇಕೆ?"

"ಹಟ್ಟಿಯ ಗೌಡ ಹೇಳಿಕೊಟ್ಟ. ಸರ್ಕಾರದವರು ಹಾಲಿನ ಮಾತು ಕೇಳಿದರೆ ಮುಂದೆ ಎಮ್ಮೆ ಎಷ್ಟು ಅಂತ ಕೇಳ್ತಾರೆ. ಆಮೇಲೆ ಎಮ್ಮೆ ಹೊಡ್ಕೊಂಡು ಹೋಗಿ ಪಟಾಲಮ್ಮಿಗೆ ಕೊಯ್ದು ಹಾಕ್ತಾರೆ ಅಂತ ಅಮಗೆ ಭಯ."

ಇದು ನನಗೆ ನಂಬುವ ಹಾಗೆ ಕಂಡಿತು. ಯಾಕೆಂದರೆ ಅದರಲ್ಲಿ ಅನುಮಾನವಿತ್ತು. ಸರ್ಕಾರದವರು ಹಟ್ಟಿಯವರನ್ನು ನಂಬದೆ, ಹಟ್ಟಿಯವರು ಸರ್ಕಾರವನ್ನು ನಂಬದೆ, ಮಧ್ಯೆ ಒಬ್ಬ ಹುಡುಗ ಠಾಣೆಯಲ್ಲಿ ಕೊಳೆಯುತ್ತಿದ್ದ. ನಾನು ಹೋಗಿ ಡಾಕ್ಟರಿಗೆ ಹೇಳಿದೆ. ದೊರೆಗೆ ಯುದ್ಧಕ್ಕಿಂತ ಇಂಥ ವಿಷಯಗಳಲ್ಲಿ ಆಸೆ ಜಾಸ್ತಿ. ಪಹರೆಯವರು ಬರುವ ಮೊದಲೇ ಹೋಗಿ ನೋಡೋಣ ಎಂದು ಮರುದಿನ ಬೆಳಿಗ್ಗೆಯೇ ಕುದುರೆಗೆ ತಡಿ ಹಾಕಿಸಿದರು. ಹವಾಲ್ದಾರರು ಮುಖ ಗಂಟಿಕ್ಕಿಕೊಂಡು ಹೊರಟರು. ನಾನು ಕೆಸರಿನಲ್ಲಿ ಜಾರುತ್ತ ಹಿಂದೆ.

ಗುಡ್ಡದ ಬೆನ್ನಿನ ಮೇಲೆ ಒಂದೇ ಸಾಲು ಮನೆಗಳ ಹಟ್ಟಿ. ಸುತ್ತ ಆಲೂಗಡ್ಡೆ ಹೊಲ, ಕೆಳಗೆ ಎಮ್ಮೆ ದೊಡ್ಡಿ. ದೊಡ್ಡಿ ಖಾಲಿ. ನಾವು ಬರುವುದು ತಿಳಿದು ಎಮ್ಮೆಗಳನ್ನೆಲ್ಲ ಶೋಲೆಯ ಕಾಡಿಗೆ ಅಟ್ಟಿದ್ದರು, ಸಗಣಿ ಮಾತ್ರ ಬಿಸಿಯಾಗಿಯೇ ಇತ್ತು. ಹವಾಲ್ದಾರರೂ ನಾನೂ ಅದನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಂಗಳದಲ್ಲಿ ಗಂಡಸರೆಲ್ಲ ಹೊದಿಕೆ ಬಿಗಿದುಕೊಂಡು ನಿಂತಿದ್ದರು. ಮುಂದೆ ಹಟ್ಟಿಯ ಗೌಡ, ವಯಸ್ಸಾದವನು, ಕಿವಿಯಲ್ಲಿ ಬಂಗಾರದ ಒಂಟಿ. ಕೈ ತೋರಿಸಿ ಎಂದರೆ ಅವನು ಅಲುಗಲಿಲ್ಲ. ಸುಟ್ಟದ್ದು ಯಾಕೆ ಎಂದರೆ, "ಒಲೆಗ ಬುದ್ದದು" ಎಂದ. ಆ ಮುದುಕನ ಬಾಯಲ್ಲಿ ಆ ಮಾತು ಕೇಳಿ ನನಗೆ ಸಿಟ್ಟೇ ಬಂತು.

ಆಗ ಮಾದಿ ಹೆಂಗಸರ ಗುಂಪಿನಿಂದ ಮುಂದೆ ಬಂದಳು. ಗಂಡಸರ ಸಾಲಿನ ಮುಂದೆ ನಿಂತು, ನನಗೆ ಹೇಳಿದ್ದನ್ನೇ ಮತ್ತೊಂದು ಸಲ ಗಟ್ಟಿಯಾಗಿ ಹೇಳಿದಳು. ಹಾಗೋಟು, ಬೆಂಕಿಕಡ್ಡಿ, ಕರೆಯುವ ಕೈ, ಒಂದನ್ನೂ ಬಿಡಲಿಲ್ಲ. ಹೆಂಗಸರಲ್ಲಿ ಒಬ್ಬಳು ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು. ಗೌಡ ಮಾದಿಯನ್ನು ನೋಡಿದ ನೋಟ ನೋಡಿ ಇವಳಿಗೆ ಇನ್ನು ಈ ಹಟ್ಟಿಯಲ್ಲಿ ಉಳಿಗಾಲವಿಲ್ಲ ಎಂದುಕೊಂಡೆ. "ಎನ್ನ ಮೇಲೆ ದಂಡ ಹಾಕು ಗೌಡ, ಏನಾದರೂ ಹಾಕು. ಮೊದಲು ಕೈ ತೋರಿಸು" ಎಂದಳು ಅವಳು. ಕೊನೆಗೆ ಗೌಡ ಹೊದಿಕೆಯನ್ನು ಬಲ ಭುಜದಿಂದ ಜಾರಿಸಿದ. ಸುಕ್ಕುಗಟ್ಟಿದ ಚರ್ಮದ ಮೇಲೂ ಅದೇ ಗುಂಡಿಗಳು. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ತೋಳು ಬಿಟ್ಟು ನಿಂತರು.

ಡಾಕ್ಟರು ಸಾಲಿನುದ್ದಕ್ಕೂ ನಡೆದರು. ಮುದುಕರು, ನಡುವಯಸ್ಸಿನವರು, ಮೀಸೆ ಮೂಡದವರು, ಎಲ್ಲರ ಬಲಗೈಯಲ್ಲೂ ಒಂದೇ ಜಾಗಗಳಲ್ಲಿ ಕಲೆ. ಹವಾಲ್ದಾರರ ಮೀಸೆ ಇಳಿಯಿತು. ಆದರೂ ಬಿಡುವ ಆಸಾಮಿಯಲ್ಲ. ಸಾಲಿನ ಕೊನೆಗೆ ಹೋದವರು ಸರಕ್ಕನೆ ನಿಂತರು. ಅಲ್ಲೊಬ್ಬ ಗಡ್ಡ ಬಿಟ್ಟ ತೆಳ್ಳಗಿನವನು ಎಡಗೈ ಚಾಚಿ ನಿಂತಿದ್ದ. ಬಲಗೈ ಹೊದಿಕೆಯೊಳಗಿತ್ತು. ಎಡ ಮುಂಗೈ ಮೇಲೆ ಅಂಗೈಯಗಲದ ಕಲೆ, ಚರ್ಮ ಇನ್ನೂ ಕೆಂಪಗಿತ್ತು.

"ಇವನದೇಕೆ ಎಡಗೈ? ಇದೇಕೆ ಹೊಸದು?" ಎಂದು ಹವಾಲ್ದಾರರು ಅವನ ಕೈ ಹಿಡಿದುಕೊಂಡರು.

ಮಾದಿ ಬಂದು ಅವನ ಪಕ್ಕ ನಿಂತಳು. ಹವಾಲ್ದಾರರಿಗೆ ಉತ್ತರ ಕೊಡಲಿಲ್ಲ, ನನ್ನ ಮುಖ ನೋಡಿದಳು. "ಅಯ್ಯಾ, ಇಮ ಎನ್ನ ತಮ್ಮನ ಮಗ. ಕೋತಗಿರಿ ಕಡೆಯವ. ನಿನ್ನಂಗೆ ಎಡಗೈಯವ. ಎಡಗೈಲಿ ಕರೆಯಬಾರದು ಅಂತ ಅಲ್ಲಿ ಇಮಗೆ ಹೊಡೆದು ಹೊಡೆದು ಎಮ್ಮೆ ಹತ್ತಿರವೇ ಬಿಟ್ಟಿರಲಿಲ್ಲೆ. ಇಲ್ಲಿ ಬಂದ ಮೇಲೆ ಈಗ ಹಾಲಿಗೆ ಕೂರಿಸಿದರು. ಅದಕ್ಕೇ ಎಡಗೈ. ಅದಕ್ಕೇ ಹೊಸದು."

ಡಾಕ್ಟರು ನನ್ನ ಕಡೆ ತಿರುಗಿ, ಹೀಗೂ ಇರಬಹುದೇ ಎಂದು ಕೇಳಿದರು. ನನ್ನ ಬೆರಳ ಗಂಟುಗಳು ಚುರುಗುಟ್ಟಿದವು. ಮಠದ ಬೆತ್ತದ ಸದ್ದು ಕಿವಿಗೆ ಬಂತು. ಆ ಗಡ್ಡದವನ ಮೇಲೆ ಎಲ್ಲಿಲ್ಲದ ಮರುಕ ಉಕ್ಕಿತು. "ಇರಬಹುದು ದೊರೆ. ಎಡಚನ ಬಲವೆಲ್ಲ ಎಡಗೈಯಲ್ಲೇ. ನಾನೂ ಎಡಚನೇ" ಎಂದು ನನ್ನ ಎಡಗೈ ಎತ್ತಿ ತೋರಿಸಿದೆ. ಊಟಿಗೆ ಬಂದ ಮೇಲೆ ನಾಲ್ಕು ಜನರೆದುರು ನಾನು ಆ ಮಾತು ಹೇಳಿದ್ದು ಅದೇ ಮೊದಲು. ದೊರೆ ನಕ್ಕು ತಲೆಯಾಡಿಸಿದರು. ಹವಾಲ್ದಾರರು ಅವನ ಕೈ ಬಿಟ್ಟರು.

ಬೆಳ್ಳನನ್ನು ಅವತ್ತು ಸಂಜೆಯೇ ಬಿಟ್ಟರು. ಈಗಲೂ ಸೇರುತ್ತೀಯಾ ಎಂದು ಕೇಳಿದ್ದಕ್ಕೆ ಅವನು ಹೂಂ ಎಂದ. ಆದರೆ ಡಾಕ್ಟರೇ ಬೇಡವೆಂದರು. ಭುಜದ ಮೇಲೆ ಹಾಗೆ ಗಂಟುಗಟ್ಟಿದ್ದರೆ ಬಂದೂಕಿನ ಪಟ್ಟಿ ಉಜ್ಜಿ ಹುಣ್ಣಾಗುತ್ತದೆ, ಇಂಥ ತೋಳು ಪಟಾಲಮ್ಮಿಗೆ ಆಗುವುದಿಲ್ಲ ಎಂದರು. ಅಲ್ಲಿಗೆ ಆ ಹಟ್ಟಿಯ ಗಂಡಸರು ಯಾರೂ ಸೈನ್ಯಕ್ಕೆ ಬೇಡವಾದರು. ಪಹರೆಯವರು ಬಂದು, ಬಿಸಿ ಚಹಾ ಕುಡಿದು, ಚಳಿಯನ್ನು ಬೈಯುತ್ತ ಬರಿಗೈಯಲ್ಲಿ ಇಳಿದು ಹೋದರು. ಮಾದಿಗೆ ಗೌಡ ಏನು ದಂಡ ಹಾಕಿದನೋ ತಿಳಿಯಲಿಲ್ಲ. ಅವಳು ಮತ್ತೆ ಗೇಟಿನ ಬಳಿ ಬರಲೇ ಇಲ್ಲ. ಕೆಲಸ ಮುಗಿದ ಮೇಲೆ ಯಾರು ಬರುತ್ತಾರೆ ಎಂದು ನಾನು ಒಳಗೊಳಗೇ ಸ್ವಲ್ಪ ಮುನಿಸಿಕೊಂಡಿದ್ದೆ. ಮಳೆ ಮುಗಿಯುವ ಮೊದಲೇ ಲಾಯವನ್ನು ಮುಚ್ಚಿ ನನ್ನನ್ನು ಆಸ್ಪತ್ರೆಗೆ ವಾಪಸು ಕಳಿಸಿದರು.

ಇಷ್ಟೂ ಮೊನ್ನೆ ನಡುವಟ್ಟಂನಲ್ಲಿ ಒಂದು ವಾಸನೆಗೆ ನೆನಪಾಯಿತು. ಡ್ರೈವರನ ಬೀಡಿ ಇನ್ನೂ ಮುಗಿದಿರಲಿಲ್ಲ. ಚಹಾ ಬೇಡ, ಕಾಯಿಸಿದ ಹಾಲು ಸಿಗುತ್ತದೆಯೇ ಎಂದು ಅಂಗಡಿಯ ಹೆಂಗಸನ್ನು ಕೇಳಿದೆ. ಒಲೆಯ ಮೇಲಿನದು ಸೀದು ಹೋಯಿತು, ಹಿಂದುಗಡೆ ಕರೆಯುತ್ತಿದ್ದಾರೆ, ಬಂದ ಕೂಡಲೇ ಕಾಯಿಸಿ ಕೊಡುತ್ತೇನೆ ಎಂದಳು. ಹಾಲಿಗೆ ಎಷ್ಟು ನೀರು ಬೆರೆಸುತ್ತಾರೋ ಕಣ್ಣಾರೆ ನೋಡೋಣವೆಂದು ನಾನು ಹಿಂದಕ್ಕೆ ಹೋದೆ. ಹಳೆಯ ಚಾಳಿ.

ತಗಡಿನ ಮಾಡಿನ ಕೆಳಗೆ ನಡುವಯಸ್ಸು ದಾಟಿದ ಒಬ್ಬ ಎಮ್ಮೆ ಕರೆಯುತ್ತಿದ್ದ. ಎಡಗೈಯಲ್ಲಿ ಬಿದಿರ ಪಾತ್ರೆ ಹಿಡಿದು ಬಲಗೈಯಲ್ಲಿ ಕರೆಯುತ್ತಿದ್ದ. ಬಲಗೈ ಚಕಚಕನೆ ಆಡುತ್ತಿತ್ತು. ಅದರ ಮುಂಗೈ ಮೇಲೆ, ಮೊಳಕೈ ಹತ್ತಿರ ಆ ಹಳೆಯ ಗುಂಡಿಗಳು. ಪಾತ್ರೆ ಹಿಡಿದ ಎಡಗೈ ಮೇಲೆ ಅಂಗೈಯಗಲದ ಒಂದು ಕಲೆ, ಈಗ ಬಿಳಿಚಿಕೊಂಡಿತ್ತು. ಕಲೆಯ ಅಂಚು ದಾಟಿ ಮಣಿಕಟ್ಟಿನ ಕಡೆಗೆ ಒಂದು ಚೂಪಾದ ನೀಲಿ ತುದಿ ಇಣುಕುತ್ತಿತ್ತು. ವೇಲಿನ ತುದಿ.

"ನೀನು ಎಡಚ ಅಲ್ಲವೇನಪ್ಪ?" ಎಂದು ಕೇಳಿದೆ.

ಅವನ ಕೈ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದ, ನನ್ನ ಬೋಳುತಲೆ, ನರೆತ ಮೀಸೆ. ಆಮೇಲೆ ನಾನು ಶಾಲು ಹಿಡಿದುಕೊಂಡಿದ್ದ ಎಡಗೈ ನೋಡಿದ.

"ಒಲೆಗ ಬುದ್ದೆ" ಎಂದ.

ನನಗೆ ಮೊದಲು ಬಂದದ್ದು ಸಿಟ್ಟು. ಆ ಮಳೆಗಾಲದಲ್ಲಿ ಠಾಣೆಯ ಹುಡುಗನನ್ನು ನಂಬದೆ, ಗೌಡನನ್ನು ನಂಬದೆ, ಎಲೆಯಲ್ಲಿಟ್ಟ ಬೆಣ್ಣೆಯನ್ನೂ ನಂಬದೆ ಇದ್ದವನು ನಾನು. ಎರಡು ಮಾತಿಲ್ಲದೆ ನಂಬಿದ್ದು ಒಂದನ್ನೇ, ಅದೇ ಸುಳ್ಳು. ಆ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಳು ನಿಲ್ಲಿಸಿ ಬಂದ ಆ ದಿನದ ಅವಳ ಮುಖ ನೆನಪಾಯಿತು. ಹಿಂದಿನ ರಾತ್ರಿ ಹಿರಿಯ ಮಗ ಮನೆಗೆ ಬಂದು ಅಡಗಿರಬೇಕು. ಒಬ್ಬನನ್ನು ಬಿಡಿಸಿದರೆ ಇನ್ನೊಬ್ಬನನ್ನು ಹುಡುಕುತ್ತಾರೆ. ಓಡಿಬಂದವನನ್ನು ಹುಡುಕುವವರ ಕಣ್ಣೆದುರೇ ನಿಲ್ಲಿಸಿ ಇಬ್ಬರನ್ನೂ ಉಳಿಸಿಕೊಳ್ಳುವ ದಾರಿಯನ್ನು ಅವಳು ಕಿಟಕಿಯಾಚೆ ನಿಂತು ನನ್ನ ಕೈಯಲ್ಲಿ ಕಂಡುಕೊಂಡಿದ್ದಳು.

"ನೀನು ನಂಜ" ಎಂದೆ.

ಅವನು ಎಮ್ಮೆಯ ಬೆನ್ನು ಸವರುತ್ತ, "ಕಡಲು ಕಂಡು ಅಂಜಿಕೆ ಆಯ್ತು ಅಯ್ಯಾ. ಅಷ್ಟು ನೀರು ಒಂದೇ ಕಡೆ ಎಂದೂ ಕಂಡಿರಲಿಲ್ಲೆ" ಎಂದ. ಮತ್ತೆ, "ಸಾಯೋ ತನಕ ಅವ್ವೆ ನಿನ್ನ ಮಾತು ಎತ್ತುತ್ತಿದ್ದಳು. ಆ ಎಡಗೈಯವನಿಗೆ ಹೊಡೆದವರ ಕೈಗೆ ಒಳ್ಳೆದಾಗಲಿ ಅನ್ನುತ್ತಿದ್ದಳು" ಎಂದು ತಲೆ ತಗ್ಗಿಸಿ ನಕ್ಕ.

ನನಗೂ ನಗು ಬಂತು. ನಗುತ್ತಲೇ ಕಣ್ಣು ಒದ್ದೆಯಾಯಿತು, ಅದನ್ನು ಹೊಗೆಯ ಮೇಲೆ ಹಾಕಿದೆ. ರಸ್ತೆಯಲ್ಲಿ ಡ್ರೈವರು ಹಾರ್ನ್ ಒತ್ತುತ್ತಿದ್ದ. ಕಾಯಿಸಲು ಹೊತ್ತಿರಲಿಲ್ಲ. ನಂಜ ಬಿದಿರ ಪಾತ್ರೆಯಿಂದ ನೊರೆ ಹಾಲನ್ನು ಲೋಟಕ್ಕೆ ಬಗ್ಗಿಸಿ ಬಲಗೈಯಲ್ಲಿ ನನ್ನ ಮುಂದೆ ಹಿಡಿದ. ನನ್ನ ಬಲಗೈ ಅಭ್ಯಾಸದಂತೆ ಮುಂದೆ ಹೋಯಿತು. ಅದನ್ನು ಹಿಂದಕ್ಕೆ ಎಳೆದುಕೊಂಡು, ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡೆ. ನೀರಿದೆಯೋ ಎಂದು ತಳ ನೋಡದೆ ಕುಡಿದೆ.